ಆ ಬಿಲ್ಡಿಂಗುಗಳು ಫೋಟೋದಲ್ಲೇ ಇರಲಿ

ನಮ್ಮ ಕಡೆಯವರಿಗೆ ನಿಸರ್ಗದ ಫೋಟೋ ಅಂದರೆ ಜೋಗ ಇರಬೇಕು, ಕೊಡಚಾದ್ರಿ ಇರಬೇಕು, ಕಡೇಪಕ್ಷ ಮಂಜು ಹೊದ್ದ ಒಂದು ಗುಡ್ಡವಾದರೂ ಇರಬೇಕು! ನಾನಿರುವ ವೇಲಚೇರಿಯಲ್ಲಿ ಇವು ಯಾವುವೂ ಇಲ್ಲ. ಇರುವುದು ಚಪ್ಪಟೆ ನೆಲ, ಅದಕ್ಕಂಟಿಕೊಂಡಂತೆ ದಕ್ಷಿಣಕ್ಕೆ ಪಳ್ಳಿಕರಣೈ ಜೌಗು.

ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಆ ಜೌಗಿನ ಫೋಟೋವೊಂದನ್ನು ಮೊಬೈಲಿನಲ್ಲಿ ತೆಗೆದಿದ್ದಾನೆ. ಬೆಳಗಿನ ಹೊತ್ತು, ಪಶ್ಚಿಮದ ರಸ್ತೆಬದಿಯಿಂದ ಪೂರ್ವಕ್ಕೆ ಮುಖಮಾಡಿ ತೆಗೆದದ್ದು. ಹತ್ತಿರದಲ್ಲಿ ಜೊಂಡು, ನಡುವೆ ನೀರಲ್ಲಿ ಒಂದು ಬೆಳ್ಳಕ್ಕಿ, ಅದರಾಚೆ ಹಳೇ ಮಹಾಬಲಿಪುರಂ ರಸ್ತೆಯ ಕಡೆಯ ಐಟಿ ಕಟ್ಟಡಗಳು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಚೆನ್ನಾಗಿದೆ, ಆ ಬಿಲ್ಡಿಂಗುಗಳನ್ನು ಕ್ರಾಪ್ ಮಾಡಿಬಿಡಪ್ಪ."

ಮಾಡಬಾರದು ಅನ್ನುವುದು ನನ್ನ ವಾದ.

ಚಪ್ಪಟೆ ನೆಲದ ಚಿತ್ರದಲ್ಲಿ ಆಳ ತೋರಿಸುವುದೇ ಕಷ್ಟ. ಇಲ್ಲಿ ಜೊಂಡು, ಹಕ್ಕಿ, ಕಟ್ಟಡ ಮೂರು ಮೆಟ್ಟಿಲುಗಳಾಗಿ ಕಣ್ಣನ್ನು ದೂರಕ್ಕೆ ಕರೆದೊಯ್ಯುತ್ತವೆ. ದಿಗಂತವನ್ನು ನಟ್ಟನಡುವೆ ಇಡದೆ ಮೇಲಕ್ಕೇರಿಸಿದ್ದರಿಂದ ಚಿತ್ರದ ಮೂರರಲ್ಲಿ ಎರಡು ಪಾಲು ನೀರು, ಜೊಂಡಿಗೇ ಸಿಕ್ಕಿದೆ. ಎಡಕ್ಕೆ ನಿಂತ ಹಕ್ಕಿ ಬಲಕ್ಕೆ ನೋಡುತ್ತಿದೆ, ಅದರ ನೋಟಕ್ಕೆ ಬೇಕಾದಷ್ಟು ಜಾಗ ಬಿಟ್ಟಿದ್ದಾನೆ. ಎದುರು ಬಿಸಿಲಿಗೆ ಕಟ್ಟಡಗಳು ಕಪ್ಪಾಗಿ, ಗೋಡೆ ಎದ್ದಂತೆ ಕಾಣುತ್ತವೆ. ದಿಗಂತ ತುಸು ವಾಲಿದೆ, ಅದನ್ನು ನೆಟ್ಟಗೆ ಮಾಡಿಕೊಳ್ಳಲಿ. ಆದರೆ ಕಟ್ಟಡ ಕತ್ತರಿಸಿದರೆ ಉಳಿಯುವುದು ಕ್ಯಾಲೆಂಡರಿನ ಚಿತ್ರ, ಎಲ್ಲಿಯದೋ ಒಂದು ಹಕ್ಕಿ!

ಈ ಜೌಗು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಸುಮಾರು 1,247 ಹೆಕ್ಟೇರ್. ಹಿಂದೆ ಇದರ ಹರವು ಇದಕ್ಕಿಂತ ಎಷ್ಟೋ ದೊಡ್ಡದಿತ್ತು. ರಸ್ತೆಗಳು, ಕಟ್ಟಡಗಳು, ದಶಕಗಟ್ಟಲೆ ಪೆರುಂಗುಡಿಯಲ್ಲಿ ಸುರಿದ ಊರ ಕಸ, ಎಲ್ಲ ಸೇರಿ ಅದನ್ನು ತಿಂದವು. ದಕ್ಷಿಣ ಚೆನ್ನೈನ ಎಷ್ಟೋ ಕೆರೆಗಳ ಹೆಚ್ಚುವರಿ ನೀರು ಬಂದು ಸೇರುವುದು ಇಲ್ಲಿಗೇ. ಆ ನೀರಿಗೆ ಜಾಗ ಸಾಲದಿದ್ದರೆ ಅದು ಬೀದಿಗೆ ಬರುತ್ತದೆ. 2015ರ ಮಳೆಯಲ್ಲಿ ವೇಲಚೇರಿ ಮುಳುಗಿದ್ದನ್ನು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ನೆಲದ ಮೇಲೆ ಜೌಗನ್ನು ಕತ್ತರಿಸಿದ್ದಾಯಿತು, ಈಗ ಫೋಟೋದಲ್ಲಿ ಕತ್ತರಿಸಿದವರನ್ನೂ ಮರೆಮಾಡಬೇಕೇ?

ರಜಕ್ಕೆ ಊರಿಗೆ ಹೋದಾಗ ನೀವೂ ನಿಮ್ಮೂರ ಕೆರೆಯ ಫೋಟೋ ತೆಗೆಯುತ್ತೀರಿ. ದಂಡೆಯಲ್ಲಿ ಸೈಟಿನ ಕಲ್ಲು ನೆಟ್ಟಿದ್ದರೆ ಅದನ್ನೂ ಚೌಕಟ್ಟಿನೊಳಗೆ ಬಿಡಿ. ಇಪ್ಪತ್ತು ವರ್ಷದ ಮೇಲೆ ಕೆರೆ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಿದರೆ ತೋರಿಸಲಿಕ್ಕಾದರೂ ಬೇಕಲ್ಲ... ಏನಂತೀರಿ?