ಕೈಗುಣವೋ, ಕಾವಲಿಯೋ?

ಕಳೆದ ವರ್ಷ ನಮ್ಮ ಕಾರ್ಯಾಲಯಕ್ಕೆ ಪುಟಗಳ ವಿನ್ಯಾಸ ಮಾಡಬಲ್ಲ ಡಿಸೈನರ್ ಒಬ್ಬರು ಬೇಕಾಗಿದ್ದರು. ಅರ್ಜಿ ಹಾಕಿದವರೆಲ್ಲರೂ ದೀಪಾವಳಿ ವಿಶೇಷಾಂಕದ ಮುಖಪುಟವೊಂದನ್ನು ರಚಿಸಿ ತರತಕ್ಕದ್ದೆಂದೂ, ಅದಕ್ಕೆ ಪ್ರತಿಫಲವಿಲ್ಲವೆಂದೂ ನಾವು ಷರತ್ತು ವಿಧಿಸಿದೆವು. ಉಳಿದವರೆಲ್ಲ ಮೌನವಾಗಿ ಒಪ್ಪಿದರು. ಮಾಟುಂಗದ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವವರ ಮಗನೊಬ್ಬ ಮಾತ್ರ ವಿನಯದಿಂದ ಕೇಳಿದ: “ಸರ್, ತಾವು ಹೋಟೆಲು ನಡೆಸುತ್ತಿದ್ದಾಗ, ಹೊಸ ಭಟ್ಟರನ್ನು ಪರೀಕ್ಷೆಗೆಂದು ನಿಲ್ಲಿಸಿಕೊಂಡ ದಿನದ ಕೂಲಿಯನ್ನು ಕೊಡುತ್ತಿರಲಿಲ್ಲವೇ?”

ಕೊಡುತ್ತಿದ್ದೆವು. ಭಟ್ಟರು ಮಾಡಿದ ಸಾಂಬಾರನ್ನು ಗಿರಾಕಿಗಳು ಉಂಡು ಹಣ ತೆತ್ತ ಮೇಲೆ, ಅವರನ್ನು ಇಟ್ಟುಕೊಳ್ಳಲಿ ಬಿಡಲಿ, ಕೂಲಿ ಕೊಡದಿರುವುದು ಅನ್ಯಾಯವೆಂದು ಗಲ್ಲೆಯ ಮೇಲೆ ಕುಳಿತಿದ್ದ ನಮಗೆ ತಿಳಿದಿತ್ತು. ಸಂಪಾದಕನ ಕುರ್ಚಿಗೆ ಬಂದೊಡನೆ ಅದು ಮರೆತುಹೋದುದು ನಾಚಿಕೆಯ ಸಂಗತಿ. ಆ ತರುಣನನ್ನು ಕುಳ್ಳಿರಿಸಿ ಅವನ ಕಸುಬಿನ ಸುಖದುಃಖಗಳನ್ನು ಕೇಳಿದೆವು. ಮಕ್ಕಳನ್ನು ಈ ಕಸುಬಿಗೆ ಹಚ್ಚಿರುವ ವಾಚಕರು ನಮ್ಮಲ್ಲಿ ಅನೇಕರಿರುವುದರಿಂದ, ನಮಗೆ ತೋರಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಸಲಕರಣೆಯ ಮಾತು. ಉದ್ಯೋಗದ ಜಾಹೀರಾತುಗಳು ಫೋಟೊಶಾಪ್, ಇಲ್ಲಸ್ಟ್ರೇಟರ್, ಫಿಗ್ಮಾ ಎಂದು ಹೆಸರುಗಳ ಪಟ್ಟಿಯನ್ನೇ ಕೊಡುತ್ತವೆ. ಆ ಹೆಸರುಗಳೇನು ಸ್ಥಿರವೇ? ಅಡೋಬಿ ಕಂಪನಿಯ ಫೈರ್‌ವರ್ಕ್ಸ್ ಎಂಬ ತಂತ್ರಾಂಶದ ಬೆಳವಣಿಗೆ 2013ರಲ್ಲಿ ನಿಂತುಹೋಯಿತು. ಅದೇ ವರ್ಷ ಆ ಕಂಪನಿಯು ತನ್ನ ಹೊಸ ಡಿಸೈನ್ ತಂತ್ರಾಂಶಗಳನ್ನು ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡುವ ಪದ್ಧತಿಯನ್ನು ಹಿಡಿಯಿತು. 2022ರಲ್ಲಿ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳಹೊರಟು, ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ಆಕ್ಷೇಪದಿಂದಾಗಿ 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಹೀಗೆ ಒಡೆತನವೂ ಬಾಡಿಗೆಯೂ ಬದಲಾಗಬಲ್ಲ ವಸ್ತುವನ್ನು ನಂಬಿ ಮನುಷ್ಯನ ಯೋಗ್ಯತೆಯನ್ನು ಅಳೆಯಲಾಗದು. ಬಾಡಿಗೆ ತೆರಲಾರದವನು ಇಂಕ್‌ಸ್ಕೇಪ್, ಗಿಂಪ್ ಎಂಬ ಉಚಿತ ತಂತ್ರಾಂಶಗಳಲ್ಲಿಯೂ ಕೈ ಪಳಗಿಸಿಕೊಳ್ಳಬಹುದು. ಕಾವಲಿ ಯಾರದೇ ಇರಲಿ, ಹಿಟ್ಟಿನ ಹದ ಬಲ್ಲವನ ದೋಸೆ ಕೆಡುವುದಿಲ್ಲ.

ನಮ್ಮ ಭಾಷೆಯದೇ ಒಂದು ನಿದರ್ಶನವುಂಟು. ಅಡೋಬಿಯ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಏರ್ಪಾಟನ್ನು ಆರಿಸದಿದ್ದರೆ ಕನ್ನಡದ ಒತ್ತಕ್ಷರಗಳು ಚೆದರುತ್ತವೆ. ಮದುವೆಯ ಕಾಗದದಲ್ಲಿ ‘ಲಗ್ನ’ವು ‘ಲಗ್‌ನ’ವಾಗಿ ಅಚ್ಚಾಗುತ್ತದೆ. ಯಂತ್ರಕ್ಕೆ ಅದು ತಪ್ಪೆಂದು ತೋರದು. ಕನ್ನಡ ಬಲ್ಲ ಕಣ್ಣಿಗೆ ತೋರುತ್ತದೆ. ಸಂಬಳ ಕೊಡಬೇಕಾದುದು ಆ ಕಣ್ಣಿಗೆ.

ಎರಡನೆಯದು ಪೋರ್ಟ್‌ಫೋಲಿಯೊ, ಅಂದರೆ ತನ್ನ ಕೆಲಸದ ಮಾದರಿಗಳನ್ನು ನಾಲ್ಕು ಜನರ ಮುಂದಿಡುವುದು. ಬಿಹಾನ್ಸ್, 2009ರಲ್ಲಿ ಆರಂಭವಾದ ಡ್ರಿಬಲ್ ಮುಂತಾದ ಕೂಟಗಳು ಇದಕ್ಕೆಂದೇ ಇವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನಾಗಲಿ ಪೊವಾಯಿಯ ಐ.ಐ.ಟಿ.ಯನ್ನಾಗಲಿ ಕಾಣದ ಹುಡುಗನ ಕೆಲಸವನ್ನೂ ಪ್ರಪಂಚವು ನೋಡುವಂತಾದುದು ಇವುಗಳ ಉಪಕಾರವೇ ಸರಿ. ಆದರೆ ಡ್ರಿಬಲ್‌ನಲ್ಲಿ ಮೊದಮೊದಲು ತೋರಿಸಬಹುದಾಗಿದ್ದ ಚಿತ್ರವು 400 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರದ ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ಹೊಳೆಯುವುದಕ್ಕೆ ಮೆಚ್ಚುಗೆ ಬಂತು. ಬಳಸುವವನ ಕಷ್ಟ ಪರಿಹಾರವಾಯಿತೇ ಎಂದು ಕೇಳುವವರು ಕಡಮೆಯಾದರು. ಪಾಲ್ ಆಡಮ್ಸ್ ಎಂಬ ಡಿಸೈನರ್ 2013ರಲ್ಲಿಯೇ ಈ ದೋಷವನ್ನು ಎತ್ತಿ ತೋರಿಸಿ ಲೇಖನ ಬರೆದರು. ಅಲ್ಲದೆ, ಕಂಪನಿಗಳಿಗೆ ಗೋಪ್ಯತೆಯ ಕರಾರು ಬರೆದುಕೊಟ್ಟು ದುಡಿದವನು ತನ್ನ ಉತ್ತಮ ಕೆಲಸವನ್ನೇ ತೋರಿಸಲಾರ. ಗಾಜಿನ ಕಪಾಟಿನ ಜಹಾಂಗೀರಿನ ಬಣ್ಣವನ್ನಷ್ಟೇ ನೋಡಿ ಭಟ್ಟರನ್ನು ಆರಿಸುವವರುಂಟೇ?

ಮೂರನೆಯದು, ನಾವೇ ತಪ್ಪಿದ ವಿಷಯ. ಪರೀಕ್ಷೆಯ ಹೆಸರಿನಲ್ಲಿ ಮೂರು ನಾಲ್ಕು ದಿನಗಳ ಕೆಲಸವನ್ನು ಬಿಟ್ಟಿಯಾಗಿ ಮಾಡಿಸುವುದು ಇಂದು ರೂಢಿಯಾಗಿದೆ. ತಂದೆಯ ಹಣದಲ್ಲಿ ಉಣ್ಣುವವನು ಅದನ್ನು ಮಾಡಿಯಾನು. ಹಗಲು ದುಡಿದು ರಾತ್ರಿ ಕಲಿಯುವವನು ಮಾಡಲಾರ. ಹೀಗೆ ಆ ಷರತ್ತು ಬುದ್ಧಿವಂತನನ್ನಲ್ಲ, ಉಳ್ಳವನನ್ನು ಆರಿಸುತ್ತದೆ. ಅರ್ಜಿಗಳು ನೂರಾರು ಬಂದರೆ ಮಾಡುವುದೇನೆಂದು ಮಾಲೀಕರು ಕೇಳಬಹುದು. ಮಾದರಿಗಳನ್ನು ನೋಡಿ ಮೂವರನ್ನು ಕರೆಯಲಿ. ಅರ್ಧ ದಿನ ಎದುರಿಗೆ ಕುಳ್ಳಿರಿಸಿಕೊಂಡು ಕೆಲಸ ಕೊಡಲಿ. ಈ ಬಣ್ಣ ಏಕೆ, ಈ ಅಕ್ಷರ ಏಕೆ ಎಂದು ಕೇಳಲಿ. ಮೂವರಿಗೂ ಅರ್ಧ ದಿನದ ಸಂಬಳ ಕೊಡಲಿ. ತಪ್ಪು ಮನುಷ್ಯನನ್ನು ಇಟ್ಟುಕೊಂಡು ಆರು ತಿಂಗಳು ಪರಿತಪಿಸುವುದಕ್ಕಿಂತ ಇದು ಅಗ್ಗ.

ನಮ್ಮಲ್ಲಿಗೆ ಬಂದ ಮುಖಪುಟಗಳಿಗೆಲ್ಲ ತಡವಾಗಿಯಾದರೂ ಹಣ ಸಲ್ಲಿಸಿದೆವು. ಆ ತರುಣನಿಗೆ ಅಷ್ಟರಲ್ಲಿ ಬೇರೆಡೆ ಕೆಲಸ ದೊರೆತಿತ್ತು, ನಷ್ಟ ನಮ್ಮದೇ. ಹೋಟೆಲಿನ ಮೆನು ಕಾರ್ಡನ್ನು ‘ನಮ್ಮವನಲ್ಲವೇ’ ಎಂದು ಪುಕ್ಕಟೆಯಾಗಿ ಮಾಡಿಸಿಕೊಳ್ಳುವ ಮಾಲೀಕ ಮಿತ್ರರೂ ಇದನ್ನು ಯೋಚಿಸಲಿ. ತಂದೆತಾಯಿಗಳು ಮಕ್ಕಳಿಗೆ ಇಷ್ಟು ಹೇಳಿ ಕಳುಹಿಸಲಿ: ಕೆಲಸ ಕೇಳುವುದು ಭಿಕ್ಷೆಯಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೇಳುವುದು ಉದ್ಧಟತನವೂ ಅಲ್ಲ.