ಕೆಟ್ಟ ಮೊಬೈಲಿಗೂ ಊರಲ್ಲೊಂದು ದಾರಿ ಬೇಕು

ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರಿಗೆ ಹೊಸ ಮೊಬೈಲ್ ಬರಲು ಹತ್ತು ದಾರಿಗಳಿವೆ. ಕೊಳ್ಳೇಗಾಲದ ಅಂಗಡಿಗಳಲ್ಲಿ ಕಂತಿನ ಮೇಲೆ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಬಹುದು, ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳು ಹಬ್ಬಕ್ಕೆ ಬರುವಾಗ ತರುತ್ತಾರೆ. ಕೆಟ್ಟ ಮೊಬೈಲ್ ಊರು ಬಿಟ್ಟು ಹೋಗಲು ಮಾತ್ರ ಹೆಚ್ಚುಕಡಿಮೆ ಒಂದೇ ದಾರಿ. 'ಹಳೇ ಮೊಬೈಲ್, ಕೆಟ್ಟ ಮೊಬೈಲ್' ಎಂದು ಮೈಕಿನಲ್ಲಿ ಕೂಗುತ್ತಾ ಬರುವವರ ಕೈಗೆ ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ಇಸಿದುಕೊಳ್ಳುವುದು. ಅದೂ ಆಗದಿದ್ದರೆ ಅಟ್ಟ, ಇಲ್ಲವೇ ತಿಪ್ಪೆ.

ಆ ಬುಟ್ಟಿಯ ವ್ಯಾಪಾರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ತೆಲಂಗಾಣ ತೋರಿಸಿಕೊಟ್ಟಿದೆ. 2024ರಲ್ಲಿ ರಾಮಗುಂಡಂ ಪೊಲೀಸರು ಹೀಗೆ ಹಳ್ಳಿಹಳ್ಳಿ ಸುತ್ತುವವರು ಕೂಡಿಟ್ಟಿದ್ದ ಸುಮಾರು 4,000 ಹಳೆಯ ಫೋನುಗಳನ್ನು ವಶಪಡಿಸಿಕೊಂಡರು. ಅವು ಸೈಬರ್ ವಂಚಕರ ಕೈಸೇರಲು ಹೊರಟಿದ್ದವು ಎಂಬುದು ಪೊಲೀಸರ ಆರೋಪ. ನಮ್ಮ ಫೋಟೊ, ನಂಬರು, ಬ್ಯಾಂಕಿನ ಸಂದೇಶಗಳೆಲ್ಲ ಇರುವ ವಸ್ತುವನ್ನು ಗುರುತುಪರಿಚಯ ಇಲ್ಲದವರಿಗೆ ಕೊಡಬಾರದು.

ಅಟ್ಟದಲ್ಲಿರುವುದೆಲ್ಲ ಕಸವೂ ಅಲ್ಲ. ನಮ್ಮ ಕಡೆಯ ಯಾವುದೇ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ರೈತರೊಬ್ಬರು 'ಚಾರ್ಜೇ ಆಯ್ತಿಲ್ಲ' ಎಂದು ಫೋನು ಚಾಚುತ್ತಾರೆ. ಹುಡುಗ ಸೂಜಿಯಂಥ ಚಿಮುಟದಿಂದ ಚಾರ್ಜಿಂಗ್ ಕಿಂಡಿಯೊಳಗೆ ಕೆದಕುತ್ತಾನೆ. ಮುಸುಕಿನ ಜೋಳದ ದೂಳು, ಅಂಗಿ ಜೇಬಿನ ನೂಲು ಹೊರಬರುತ್ತವೆ. ಆಗಲೂ ಚಾರ್ಜ್ ಹತ್ತದಿದ್ದರೆ, 'ಬೋರ್ಡು ಚೆನ್ನಾಗೇ ಅದ ಕಣಣ್ಣ, ಪಿನ್ನು ಹೋಗದ ಅಷ್ಟೆ' ಎನ್ನುತ್ತಾ ಡಬ್ಬಿಯಲ್ಲಿರುವ ಕೆಟ್ಟ ಫೋನೊಂದರಿಂದ ಪಿನ್ನು ಬಿಡಿಸಿ ಇದಕ್ಕೆ ಬೆಸುಗೆ ಹಾಕುತ್ತಾನೆ. ಒಂದರ ಸ್ಪೀಕರು, ಇನ್ನೊಂದರ ಡಿಸ್‌ಪ್ಲೇ ಸೇರಿ ಮೂರನೆಯದು ಎರಡು ವರ್ಷ ಬಾಳುತ್ತದೆ. ಮೊಬೈಲಿನಿಂದ ಪರಿಸರಕ್ಕೆ ಆಗುವ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಹಾಗಾಗಿ ಇದ್ದುದನ್ನೇ ಇನ್ನೆರಡು ವರ್ಷ ನಡೆಸುವ ಆ ಹುಡುಗನ ಕೆಲಸವನ್ನು ನಾನು ದೊಡ್ಡ ಪರಿಸರ ಸೇವೆ ಎಂದೇ ಎಣಿಸುತ್ತೇನೆ.

ನಡೆಯುವ ಫೋನನ್ನು ಓದುವ ಮಗುವಿಗೋ ಒಂಟಿಯಾಗಿರುವ ಹಿರಿಯರಿಗೋ ಕೊಡಿ. ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡು ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಐಎಂಇಐ ಸಂಖ್ಯೆ ನೋಡಿಕೊಂಡು, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಪರೀಕ್ಷಿಸಿದರೆ ಕದ್ದ ಮಾಲಿನ ತಲೆನೋವು ತಪ್ಪುತ್ತದೆ.

ಇನ್ನು ರಿಪೇರಿಗೂ ಬಾರದ ಫೋನುಗಳು. ಇಂಥ ಹತ್ತು ಲಕ್ಷ ಫೋನುಗಳಿಂದ ಸುಮಾರು 34 ಕಿಲೊ ಚಿನ್ನ, 350 ಕಿಲೊ ಬೆಳ್ಳಿ, 15 ಟನ್ನಿಗೂ ಹೆಚ್ಚು ತಾಮ್ರ ತೆಗೆಯಬಹುದು ಎಂದು ಅಮೆರಿಕದ ಪರಿಸರ ಸಂಸ್ಥೆ ಲೆಕ್ಕ ಹಾಕಿದೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಕೊನೆಗಾಲಕ್ಕೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಜಪಾನಿನವರು ಜನರಿಂದ ಹಳೆಯ ಫೋನು, ಕಂಪ್ಯೂಟರು ಸಂಗ್ರಹಿಸಿ ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳನ್ನು ಅದರಿಂದಲೇ ಮಾಡಿದರು. ಅದೇ ಫೋನನ್ನು ತಿಪ್ಪೆಗೆ ಎಸೆದು ಬೆಂಕಿ ಇಟ್ಟರೆ ವಿಷದ ಹೊಗೆ ಏಳುತ್ತದೆ, ಬೂದಿಯ ಸೀಸ ಮಳೆನೀರಿನೊಡನೆ ಹಳ್ಳಕ್ಕೆ, ಹೊಲಕ್ಕೆ ಇಳಿಯುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿ ಚುಚ್ಚಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಾಡು ಕೂಗಳತೆಯಲ್ಲಿರುವ ನಮಗೆ ಒಂದು ಕಿಡಿಯೂ ಸಣ್ಣದಲ್ಲ.

ಕೆಟ್ಟ ಫೋನುಗಳನ್ನು ಬಿಡಿಸುವ ವಿದ್ಯೆಗೆ ಕರ್ನಾಟಕದಲ್ಲಿ ಬರವಿಲ್ಲ. ದೇಶದಲ್ಲಿ ಮೊದಲಿಗೆ ಪರವಾನಗಿ ಪಡೆದ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ ತಲೆ ಎತ್ತಿದ್ದು ನಮ್ಮ ದಾಬಸ್‌ಪೇಟೆಯಲ್ಲೇ, 2005ರಲ್ಲಿ. ಕಾನೂನಿಗೂ ಕೊರತೆಯಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ತಯಾರಕರು ಮೊದಲೆರಡು ವರ್ಷ ಶೇ 60, ನಂತರ ಶೇ 70, 2027-28ರಿಂದ ಶೇ 80ರಷ್ಟು ಮರುಬಳಕೆಯ ಹೊಣೆ ಹೊರಬೇಕು. ಆದರೆ ಪರವಾನಗಿ ಪಡೆದ ಘಟಕದಿಂದ ಪ್ರಮಾಣಪತ್ರ ಕೊಂಡರೆ ಆ ಹೊಣೆ ತೀರುತ್ತದೆ. ಕಸ ಯಾವ ಊರಿನದು ಎಂದು ಯಾರೂ ಕೇಳುವುದಿಲ್ಲ. ನಗರದಲ್ಲೇ ಗುರಿ ಮುಟ್ಟುವುದಾದರೆ ಕಂಪನಿಯವರು ಅಜ್ಜೀಪುರದವರೆಗೆ ಏಕೆ ಬಂದಾರು?

ಅವರು ಬರದಿದ್ದರೆ ನಾವೇ ದಾರಿ ಮಾಡಬೇಕು. ಅದಕ್ಕೆ ಬೇಕಾದ ಗಾಡಿ ಪಂಚಾಯಿತಿಗಳಲ್ಲಿ ಈಗಾಗಲೇ ಇದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಡಿಸುವ ಸ್ವಚ್ಛ ವಾಹಿನಿ ಅದು. ತಿಂಗಳಿಗೊಂದು ದಿನ ಅದರಲ್ಲಿ ಫೋನು, ಚಾರ್ಜರು, ಬ್ಯಾಟರಿಗಳನ್ನು ಬೇರೆಯಾಗಿ ಪಡೆಯಲಿ. ಉಬ್ಬಿದ ಬ್ಯಾಟರಿಗೆ ಒಣಮರಳು ತುಂಬಿದ ಲೋಹದ ಡಬ್ಬಿ ಇರಲಿ. ರಿಪೇರಿ ಅಂಗಡಿಯವರನ್ನು ಕರೆದು ನಡೆಯುವುದನ್ನು ಆರಿಸಲಿ, ಉಳಿದದ್ದನ್ನು ಹನೂರು ತಾಲ್ಲೂಕು ಪಂಚಾಯಿತಿ ಒಟ್ಟುಗೂಡಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಘಟಕಕ್ಕೆ ತೂಕದ ಮೇಲೆ ಮಾರಲಿ. ಬಂದ ಹಣ ಆ ಹೆಣ್ಣುಮಕ್ಕಳ ಸಂಘಕ್ಕೆ ಸೇರಲಿ. ಇದಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಯಾವುದೂ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದುನಿಂತು ಕೇಳಬೇಕು, ಠರಾವಾಗಿ ಬರೆಸಬೇಕು. ಅಜ್ಜೀಪುರದವರು ಮೊದಲು ಕೇಳಲಿ, ರಾಮಾಪುರ, ಕೌದಳ್ಳಿಯವರೂ ದನಿಗೂಡಿಸಲಿ.