ಮೊದಲ ಸಲ ಕಾಲೇಜು ಕಂಡ ಮನೆಗಳು

ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮುದಾಯದ ಮಕ್ಕಳ ಓದಿಗೆ ಬರೆದಿಟ್ಟರು. ಆ ನಿಧಿಯ ನೆರವಿನಿಂದ ಎಷ್ಟೋ ಬಡ ಹುಡುಗರು ಪದವಿ ಪಡೆದರು.

ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳಿಗೆ ಎಲ್ಲ ಜಾತಿಯ ನೇಕಾರರ, ಕೂಲಿಕಾರರ, ಕಬ್ಬು ಕಡಿಯುವವರ ಮಕ್ಕಳು ಬರುತ್ತಿದ್ದಾರೆ. 2023ರಲ್ಲಿ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ಉಳಿದಿದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಸಹಾಯಧನ ಇದೆ. ಆದರೆ ಆ ಹಣ ಕೈಸೇರಬೇಕಾದರೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಎಲ್ಲವೂ ತಾಳೆಯಾಗಬೇಕು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ತೊಡಕು. ಶಾಲೆ ಮೆಟ್ಟಿಲು ಹತ್ತದ ತಂದೆತಾಯಿ ಅದನ್ನು ಹೇಗೆ ಸರಿಪಡಿಸಿಯಾರು? ಇದರ ಮೇಲೆ ಇಂಗ್ಲಿಷಿನ ಭಯ ಬೇರೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲೇ ಎಡವಿದರೆ ಅದನ್ನು ದಡ್ಡತನ ಎನ್ನುವುದು ಅನ್ಯಾಯ.

ಪ್ರತಿ ಕಾಲೇಜೂ ಪ್ರವೇಶದ ದಿನಗಳಿಂದಲೇ ಅರ್ಜಿ ತುಂಬಿಸಲು, ತಿದ್ದಿಸಲು ಒಬ್ಬ ಅಧ್ಯಾಪಕರನ್ನು ನಿಯೋಜಿಸಲಿ. ಮೊದಲ ವರ್ಷದವರಿಗೆ ಸಂಜೆ ಬಸ್ಸಿಗೆ ಮುನ್ನ ಒಂದು ತಾಸು ಇಂಗ್ಲಿಷ್ ಪಾಠ ನಡೆಯಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಈ ಶೈಕ್ಷಣಿಕ ವರ್ಷವೇ ಇವೆರಡನ್ನೂ ಕಡ್ಡಾಯ ಮಾಡಬೇಕು.